ಭಾವನ ಕಾಲುಚೀಲ

ಪೀಪಿಗೆ ತನ್ನದು ಅನ್ನುವಂಥ ದನಿ ಇರಲಿಲ್ಲ.

ಬೇರೆಲ್ಲ ಇತ್ತು. ಟೆನರ್ ಸ್ಯಾಕ್ಸೋಫೋನ್ ಇತ್ತು, ಅದನ್ನು ನೇತುಹಾಕಿಕೊಂಡು ನೇತುಹಾಕಿಕೊಂಡು ಒಂದು ಕಡೆ ಇಳಿದುಹೋದ ಭುಜ ಇತ್ತು, ಕಪ್ಪು ಕೋಟು ಇತ್ತು. ಕೇಳಿದ್ದನ್ನು ಕೇಳಿದ ಹಾಗೆಯೇ ಊದಿಬಿಡುವ ಕಿವಿ ಇತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ. ಜಾಜ್ ಸಂಗೀತದಲ್ಲಿ ಎಷ್ಟು ಚೆನ್ನಾಗಿ ನುಡಿಸುತ್ತೀಯ ಅನ್ನುವುದು ಆಮೇಲಿನ ಮಾತು. ಕಣ್ಣು ಮುಚ್ಚಿ ಕೇಳಿದರೂ ಇದು ನೀನೇ ಅಂತ ಗೊತ್ತಾಗಬೇಕು, ಅದು ಮೊದಲು. ಪೀಪಿ ಊದುವುದನ್ನು ಕಣ್ಣು ಮುಚ್ಚಿ ಕೇಳಿದರೆ ಹಳೆಯ ರೆಕಾರ್ಡುಗಳಲ್ಲಿರುವ ಯಾರು ಯಾರೋ ನೆನಪಾಗುತ್ತಿದ್ದರು, ಪೀಪಿ ಒಬ್ಬನನ್ನು ಬಿಟ್ಟು. "ಥೇಟ್ ಅವರ ಹಾಗೇ ಊದ್ತೀರಲ್ಲ!" ಅಂತ ಜನ ಹೇಳಿದಾಗ ಅವನು ಬಾಗಿ ಥ್ಯಾಂಕ್ಸ್ ಹೇಳುತ್ತಿದ್ದ. ಅದು ಹೊಗಳಿಕೆಯಲ್ಲ ಅಂತ ಅರ್ಥವಾಗಲು ಅವನಿಗೆ ಹತ್ತು ವರ್ಷ ಹಿಡಿಯಿತು. ಮಿಕ್ಕವರಿಗೆ ಹತ್ತು ನಿಮಿಷ ಸಾಕಾಗಿತ್ತು.

ಈ ಹತ್ತು ವರ್ಷದಲ್ಲಿ ಅವನು ಊದದ ಜಾಗವಿಲ್ಲ. ಒಂದು ಹೋಟೆಲಿನ ಊಟದ ಹಾಲಿನಲ್ಲಿ ಊದಿದ. ಗಿರಾಕಿಗಳಿಗೆ ತಮ್ಮ ಚಮಚದ ಸದ್ದು ತಮಗೇ ಕೇಳಿಸುತ್ತಿಲ್ಲ ಅಂತ ಮ್ಯಾನೇಜರು ಅವನನ್ನು ಮೊದಲು ಮೂಲೆಗೆ, ಆಮೇಲೆ ಪಾಸೇಜಿಗೆ, ಕಡೆಗೆ ಮನೆಗೆ ಕಳಿಸಿದ. ಈಜುಕೊಳದ ಉದ್ಘಾಟನೆಯಲ್ಲಿ ಊದಿದ. ಚಪ್ಪಲಿ ಅಂಗಡಿಯ ಉದ್ಘಾಟನೆಯಲ್ಲಿ ಊದಿದ. ಹಲ್ಲಿನ ಡಾಕ್ಟರರ ಸಮ್ಮೇಳನದಲ್ಲಿ ಊದಿದಾಗ ಮಾತ್ರ ಎಲ್ಲರೂ ಅವನ ಬಾಯಿಯನ್ನೇ ಗಮನವಿಟ್ಟು ನೋಡಿದರು.

ಊರಿನಲ್ಲಿ ಜಾಜ್ ಅಂದರೆ ಒಂದೇ ಕ್ಲಬ್ಬು. ಆ ಕ್ಲಬ್ಬಿನಲ್ಲಿ ಪಿಯಾನೋ ನುಡಿಸುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ತಂಡ ಅವರದು, ಹಾಡುಗಳು ಅವರವು, ಮಾತೂ ಅವರದೇ ಕೊನೆಯದು. ಪೀಪಿ ಮೊದಲ ಸಲ ಅವರ ಮುಂದೆ ಊದಿದಾಗ ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಸಮಾಧಾನದಿಂದಲೇ ಹೇಳಿದರು: "ಎಲ್ಲಾ ಚೆನ್ನಾಗಿದೆ ಕಣಯ್ಯ. ಅದರ ಯಜಮಾನರು ಹುಡುಕ್ಕೊಂಡು ಬಂದ್ರೆ ವಾಪಸ್ ಕೊಟ್ಬಿಡು. ನಿನ್ನದು ಅಂತ ಏನಾದ್ರೂ ಸಿಕ್ಕಿದ್ರೆ, ಬಾ."

ಪೀಪಿ ತನ್ನದನ್ನು ಹುಡುಕಲು ಮನೆಗೆ ಹೋದ. ಮನೆ ಅಂದರೆ ಅಕ್ಕನ ಮನೆ. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಪೀಪಿ ಅಂತ ಅವನಿಗೆ ಹೆಸರಿಟ್ಟವಳೂ ಈ ಅಕ್ಕನೇ; ಚಿಕ್ಕವನಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ, ಕೊಳವೆ, ಲಾಳಿಕೆ, ಪೆನ್ನಿನ ಮುಚ್ಚಳ, ಊದುತ್ತಿದ್ದನಂತೆ. ಭಾವ ರಾತ್ರಿ ಬಸ್ಸಿನ ಡ್ರೈವರು. ಬೆಳಗಾಗುವಾಗ ಬಂದು ಮಲಗಿದರೆ ಏಳುವುದು ಮಧ್ಯಾಹ್ನದ ಊಟಕ್ಕೆ. ಪೀಪಿಯ ಸಾಧನೆಯ ಹೊತ್ತೂ ಅದೇ. ಅದಕ್ಕಾಗಿ ಅವನು ಬೀರುವಿನ ಬಾಗಿಲು ತೆರೆದು, ಭಾವನ ಕೋಟುಗಳ ನಡುವೆ ತಲೆ ತೂರಿಸಿ ಊದುತ್ತಿದ್ದ. ದೊಡ್ಡ ಕಲಾವಿದರು ಸಮುದ್ರದ ದಂಡೆಯಲ್ಲಿ ನಿಂತು ಸಾಧನೆ ಮಾಡುತ್ತಾರಂತೆ. ಪೀಪಿಯದು ನುಸಿಗುಳಿಗೆಯ ವಾಸನೆಯಲ್ಲಿ ನಡೆಯಿತು.

ಒಂದು ದಿನ ಅಕ್ಕ ಸೌಟು ಹಿಡಿದುಕೊಂಡೇ ಬಂದಳು.

"ಲೋ, ನಿಮ್ಮ ಭಾವ ರಾತ್ರಿಯಿಡೀ ಸ್ಟೀರಿಂಗ್ ಹಿಡ್ಕೊಂಡು ಬಂದು ಈಗ ಕಣ್ಣು ಮುಚ್ಚಿದ್ದಾರೆ. ನಿನ್ನ ಆನೆ ಬಾಯಿ ನೀನು ಮುಚ್ಚಿಸ್ತೀಯೋ, ನಾನು ಮುಚ್ಚಿಸಲೋ?"

"ಮೆಲ್ಲಗೇ ಊದ್ತಿದ್ದೀನಲ್ಲಕ್ಕ."

"ಆನೆ ಮೆಲ್ಲಗೆ ಅತ್ರೂ ಆನೆ ಅತ್ತ ಹಾಗೇ ಇರತ್ತೆ. ತಗೋ, ಇದನ್ನ ತುರುಕು."

ಕೊಟ್ಟದ್ದು ಒಂದು ಕಾಲುಚೀಲ. ಭಾವನಿಗೆಂದು ಅವಳೇ ಹೆಣೆದ ಕಪ್ಪು ಉಣ್ಣೆಯ ಜೋಡಿಯಲ್ಲಿ ಒಂದು. ಇನ್ನೊಂದರ ಹಿಮ್ಮಡಿ ತೂತಾಗಿತ್ತು; ಹೊಲಿಯುತ್ತೇನೆ ಅಂತ ಸೂಜಿದಾರದ ಡಬ್ಬಿಗೆ ಹಾಕಿಟ್ಟಿದ್ದಳು. ಪೀಪಿ ಕೊಟ್ಟದ್ದನ್ನು ಉಂಡೆ ಮಾಡಿ ವಾದ್ಯದ ಅಗಲ ಬಾಯಿಯೊಳಗೆ ತುರುಕಿದ.

ನೋಡುವವರು ಸ್ಯಾಕ್ಸೋಫೋನಿನ ದನಿಯೆಲ್ಲ ಆ ಅಗಲ ಬಾಯಿಯಿಂದಲೇ ಬರುತ್ತದೆ ಅಂದುಕೊಂಡಿರುತ್ತಾರೆ. ಹಾಗಲ್ಲ. ದನಿ ಬರುವುದು ಮೈಮೇಲಿನ ತೂತುಗಳಿಂದ. ಎಲ್ಲ ತೂತುಗಳನ್ನೂ ಮುಚ್ಚಿ ತೀರ ತಳದ ಸ್ವರ ಊದಿದಾಗ ಮಾತ್ರ ಗಾಳಿ ಪೂರ್ತಿ ಕೆಳಗಿಳಿದು ಆ ಬಾಯಿಯಿಂದ ಹೊರಬೀಳಬೇಕು. ಆದ್ದರಿಂದ ಕಾಲುಚೀಲ ಮಿಕ್ಕ ಸ್ವರಗಳಿಗೆ ಏನೂ ಮಾಡಲಿಲ್ಲ. ತಳದ ಸ್ವರದ ಕುತ್ತಿಗೆಯನ್ನು ಮಾತ್ರ ಹಿಚುಕಿತು. ಅಲ್ಲಿಗೆ ಇಳಿದಾಗ ಸ್ವರದ ಬದಲು ಬರೀ ಉಸಿರು, ಹಾ ಅಂತ. ಪೀಪಿಗೆ ಅದು ಅಭ್ಯಾಸವಾಯಿತು. ಅಕ್ಕನಿಗೆ, ಅಂತೂ ಏನೋ ತುರುಕಿದೆವು ಅಂತ ನೆಮ್ಮದಿಯಾಯಿತು. ಹೊರಗೆ ಊದಲು ಹೋಗುವಾಗ ಪೀಪಿ ಕಾಲುಚೀಲವನ್ನು ಮರೆಯದೆ ತೆಗೆದಿಟ್ಟು ಹೋಗುತ್ತಿದ್ದ.

ಒಂದು ದಿನ ಮರೆತ. ಅದೂ ಯಾವ ದಿನ, ಎರಡನೆಯ ಸಲ ಮೇಷ್ಟ್ರ ಮುಂದೆ ಊದಬೇಕಾದ ದಿನ.

ಮಧ್ಯಾಹ್ನ. ಕ್ಲಬ್ಬಿನ ಕುರ್ಚಿಗಳು ಮೇಜುಗಳ ಮೇಲೆ ಕಾಲು ಮೇಲೆ ಮಾಡಿಕೊಂಡು ಕೂತಿದ್ದವು. ಒಬ್ಬಳು ನೆಲ ಒರೆಸುತ್ತಿದ್ದಳು. ಡ್ರಮ್ಮರು ಬೂಟು ಬಿಚ್ಚಿ ಕಾಲು ಕೆರೆದುಕೊಳ್ಳುತ್ತಿದ್ದ. ಮೇಷ್ಟ್ರು ಬಾಯಲ್ಲಿದ್ದ ಬ್ರೆಡ್ಡು ನುಂಗಿ, "ಓ, ಬಂದ್ಯಾ. ನಿಧಾನದ್ದು ಏನಾದ್ರೂ ತಗೋ," ಅಂದರು. ಪೀಪಿ ತಗೊಂಡ. ಯಾವಾಗಿನಂತೆ ಯಾರದೋ ಹಾಗೆ ಊದುತ್ತ, ಕೊನೆಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತ ಬಂದ. ಕಡೆಯ ಮೆಟ್ಟಿಲಿಗೆ ಕಾಲಿಟ್ಟ. ಮೆಟ್ಟಿಲೇ ಇರಲಿಲ್ಲ. ಹಾ ಅಂತ ಉಸಿರು ಬಂತು, ಅಷ್ಟೇ.

ಕಾಲುಚೀಲ ಒಳಗೇ ಇದೆ ಅಂತ ಆಗ ನೆನಪಾಯಿತು. ಬೆರಳು ಎತ್ತಲೂ ಭಯ, ಊದುವುದನ್ನು ನಿಲ್ಲಿಸಲೂ ಭಯ. ಬಸ್ಸಿನ ದೀಪಕ್ಕೆ ಸಿಕ್ಕ ಮೊಲದ ಹಾಗೆ ಕಣ್ಣು ಬಿಟ್ಟುಕೊಂಡು, ಪೂರ್ತಿ ನಾಲ್ಕು ಏಟು ತಾಳ, ಅವನು ಆ ಇಲ್ಲದ ಸ್ವರವನ್ನು ಊದುತ್ತಲೇ ನಿಂತ. ಒರೆಸುತ್ತಿದ್ದವಳ ಕೈ ನಿಂತಿತು. ಆ ಖಾಲಿ ಜಾಗದ ಅಡಿಗೆ ಮೇಷ್ಟ್ರು ಪಿಯಾನೋದಲ್ಲಿ ಒಂದೇ ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರ, ಮೆಲ್ಲಗೆ ಇಟ್ಟರು, ಮಲಗಿದ ಮಗುವಿನ ತಲೆಯ ಕೆಳಗೆ ದಿಂಬು ಸರಿಸಿದ ಹಾಗೆ.

"ಆ ಕಡೇ ಸ್ವರ ಯಾಕೆ ಬಿಟ್ಟೆ?" ಅಂದರು ಮೇಷ್ಟ್ರು.

"ಗೊತ್ತಿಲ್ಲ ಮೇಷ್ಟ್ರೇ."

"ಯಾರಾದ್ರೂ ಹೇಳಿಕೊಟ್ರಾ?"

"ಇಲ್ಲ."

"ಗೊತ್ತಿಲ್ದೇನೇ ಬಿಟ್ಟೆಯಲ್ಲ, ಅದೇ ಕಣಯ್ಯ ನಿನ್ನದು. ಶುಕ್ರವಾರ ಬಾ."

ಪೀಪಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಬೆರಳು ತೂರಿಸಿ ಕಾಲುಚೀಲ ಎಳೆದು ಕನ್ನಡಿಯಲ್ಲಿ ತನ್ನನ್ನೂ ಅದನ್ನೂ ಒಟ್ಟಿಗೆ ನೋಡಿದ. ಕೊನೆಗೂ ದನಿ ಸಿಕ್ಕಿತ್ತು. ಅದಕ್ಕೆ ಭಾವನ ಕಾಲಿನ ವಾಸನೆ ಇತ್ತು. ಇದ್ದದ್ದನ್ನು ಇದ್ದ ಹಾಗೆ ಮತ್ತೆ ಒಳಗೆ ತುರುಕಿ, ಕೈ ತೊಳೆದುಕೊಂಡು ಹೊರಗೆ ಬಂದ.

ಆಮೇಲಿನ ಎಂಟು ವರ್ಷ ಪೀಪಿಯ ಕಾಲ. ಜನ ಶುಕ್ರವಾರ ಅವನಿಗಾಗಿ ಬರತೊಡಗಿದರು. ಅವನು ಕೆಳಗಿಳಿಯಲು ಶುರುಮಾಡಿದರೆ ಮೇಜುಗಳಲ್ಲಿ ಮಾತು ನಿಲ್ಲುತ್ತಿತ್ತು, ಲೋಟ ಹಿಡಿದ ಕೈ ಅಲ್ಲೇ ಇರುತ್ತಿತ್ತು. ಹಾ ಅನ್ನುವ ಆ ಉಸಿರಿಗೆ ಅರ್ಧ ಕ್ಲಬ್ಬು ತಾನೂ ಉಸಿರು ಬಿಡುತ್ತಿತ್ತು. ಮೇಷ್ಟ್ರು ಆ ಖಾಲಿ ಸ್ವರಕ್ಕಾಗಿಯೇ ಹಾಡು ಕಟ್ಟತೊಡಗಿದರು. ಅದರಲ್ಲಿ ಒಂದಕ್ಕೆ 'ಕೊನೆಯ ಮೆಟ್ಟಿಲು' ಅಂತಲೇ ಹೆಸರಿಟ್ಟರು. ಪೇಪರಿನಲ್ಲಿ ಒಬ್ಬ ಬರೆದ: ಇವರು ಸ್ವರದಿಂದ ಹೇಳುವುದಕ್ಕಿಂತ ಹೆಚ್ಚನ್ನು ತ್ಯಾಗದಿಂದ ಹೇಳುತ್ತಾರೆ. ಪೀಪಿ ಅದನ್ನು ಅಡುಗೆಮನೆಯಲ್ಲಿ ನಿಂತು ಜೋರಾಗಿ ಓದಿದ.

"ಏನು ತ್ಯಾಗ ಮಾಡಿದ್ಯೋ?" ಅಂದಳು ಅಕ್ಕ, ಬೆಳ್ಳುಳ್ಳಿ ಬಿಡಿಸುತ್ತ.

"ಒಂದು ಸ್ವರ."

"ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಕೂರ್ತೀಯಲ್ಲ, ಅಲ್ಲಿ ಒಂದು ದಿನ ತ್ಯಾಗ ಕಾಣಲಿಲ್ಲ ನಂಗೆ."

ಪೀಪಿ ಕ್ರಮೇಣ ತನ್ನ ತ್ಯಾಗವನ್ನು ತಾನೇ ನಂಬತೊಡಗಿದ. ಸಂದರ್ಶನ ಕೇಳಿ ಬಂದವರ ಮುಂದೆ ಕಿಟಕಿಯಾಚೆ ನೋಡಿಕೊಂಡು, "ಎಲ್ಲವನ್ನೂ ಹೇಳಿಬಿಡಬಾರದು, ಅಲ್ಲವೇ?" ಅನ್ನುವುದನ್ನು ಕಲಿತ. ಕಪ್ಪು ಉಣ್ಣೆ, ಕಪ್ಪು ಕತ್ತಲು. ವಾದ್ಯದ ಬಾಯಿಯೊಳಗೆ ಯಾರು ಇಣುಕಿದರೂ ಏನೂ ಕಾಣುತ್ತಿರಲಿಲ್ಲ. ಕಾಲುಚೀಲವನ್ನು ಹೊರಗೆ ತೆಗೆಯುವುದನ್ನೇ ಬಿಟ್ಟ. ಒಗೆಯುವ ಮಾತಂತೂ ದೂರ. ಮೊದಮೊದಲು ಅದು ಒಳಗಿದೆಯೇ ಅಂತ ನೋಡಿಕೊಳ್ಳುತ್ತಿದ್ದ. ಬರಬರುತ್ತ ಅದನ್ನೂ ಬಿಟ್ಟ. ತನ್ನ ನಾಲಿಗೆ ಬಾಯಲ್ಲಿದೆಯೇ ಅಂತ ದಿನಾ ಯಾರು ನೋಡಿಕೊಳ್ಳುತ್ತಾರೆ?

ಒಂಬತ್ತನೆಯ ವರ್ಷ ಮೇಷ್ಟ್ರು ರೆಕಾರ್ಡು ಮಾಡುವುದು ಅಂತ ನಿಶ್ಚಯಿಸಿದರು. ಅವರಿಗೆ ಎಪ್ಪತ್ತು ದಾಟಿತ್ತು, ಬೆರಳಿನ ಗಂಟುಗಳು ಊದಿಕೊಳ್ಳುತ್ತಿದ್ದವು. "ಇದೇ ಮೊದಲು, ಇದೇ ಕೊನೆ," ಅಂದರು. "ಮೊದಲನೇ ಹಾಡು ಕೊನೆಯ ಮೆಟ್ಟಿಲು. ರೆಕಾರ್ಡಿನ ಲಕೋಟೆ ಮೇಲೆ ನಿನ್ನ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಬರತ್ತೆ, ಕೆಳಗಲ್ಲ." ಪೀಪಿಗೆ ಮೂರು ದಿನ ನಿದ್ದೆ ಬರಲಿಲ್ಲ. ಜೀವನವಿಡೀ ಬೇರೆಯವರ ರೆಕಾರ್ಡಿನಂತೆ ಊದಿದವನದು ಈಗ ಒಂದು ರೆಕಾರ್ಡು. ಎಲ್ಲಿಯೋ ಒಬ್ಬ ಬಡಪಾಯಿ ಬೀರುವಿನೊಳಗೆ ತಲೆ ತೂರಿಸಿಕೊಂಡು ಥೇಟ್ ಪೀಪಿಯ ಹಾಗೆ ಊದಲು ಒದ್ದಾಡುವುದನ್ನು ಅವನು ಕಣ್ಣಾರೆ ಕಂಡ.

ಅಕ್ಕನನ್ನೂ ಭಾವನನ್ನೂ ಬರಹೇಳಿದ. ಇಷ್ಟು ವರ್ಷ ಭಾವ ಅವನನ್ನು ವೇದಿಕೆಯ ಮೇಲೆ ಕೇಳಿರಲಿಲ್ಲ. ರಾತ್ರಿ ಬಸ್ಸಿದ್ದವರು ಎಲ್ಲಿಂದ ಬರಬೇಕು? ಸ್ಟುಡಿಯೋ ಕೆಲಸ ಬೆಳಿಗ್ಗೆ ಹತ್ತಕ್ಕೆ. ಭಾವ ನಿದ್ದೆ ಬಿಟ್ಟು ಬರಲು ಒಪ್ಪಿದರು.

ಸ್ಟುಡಿಯೋ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಮಧ್ಯೆ ದೊಡ್ಡ ಗಾಜು; ಅದರಾಚೆ ಸಣ್ಣ ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುವ ಹೆಂಗಸು, ಅವಳ ಹಿಂದೆ ಸೋಫಾದಲ್ಲಿ ಅಕ್ಕ, ಭಾವ. ಈಚೆ ನುಡಿಸುವ ಕೋಣೆಯಲ್ಲಿ ಪೀಪಿ, ಮೇಷ್ಟ್ರು, ಡ್ರಮ್ಮರು. ಶ್ರುತಿ ಸೇರಿಸಿಕೊಂಡರು. ಪೀಪಿ ಮೇಲಿನ ಸ್ವರ, ನಡುವಿನ ಸ್ವರ ಊದಿ ನೋಡಿದ. ತಳದ್ದನ್ನು ನೋಡಲಿಲ್ಲ. ಬಾರದ ಸ್ವರವನ್ನು ಯಾರು ಪರೀಕ್ಷೆ ಮಾಡುತ್ತಾರೆ? ಕೆಂಪು ದೀಪ ಹತ್ತಿತು.

ಅವನು ಚೆನ್ನಾಗಿಯೇ ಊದಿದ. ಇದನ್ನು ಆಮೇಲೆ ಡ್ರಮ್ಮರೂ ಒಪ್ಪಿಕೊಂಡ. ಹಾಡು ಕೊನೆಗೆ ಬಂತು, ಇಳಿಯಲು ಶುರುಮಾಡಿದ. ಇಳಿಯುತ್ತ ಕಣ್ಣು ತೆರೆದು, ಸ್ವಲ್ಪ ಗತ್ತಿನಿಂದಲೇ, ಗಾಜಿನಾಚೆ ನೋಡಿದ. ಭಾವ ಕಾಲಮೇಲೆ ಕಾಲು ಹಾಕಿಕೊಂಡು ತಲೆದೂಗುತ್ತಿದ್ದರು. ಹೊಸದಾಗಿ ಪಾಲಿಶ್ ಮಾಡಿದ ಬೂಟು. ಬೂಟಿನ ಮೇಲೆ, ಪ್ಯಾಂಟು ಸರಿದ ಕಡೆ, ಕಪ್ಪು ಉಣ್ಣೆಯ ಕಾಲುಚೀಲ. ಇನ್ನೊಂದು ಕಾಲಿನಲ್ಲೂ ಕಪ್ಪು ಉಣ್ಣೆಯ ಕಾಲುಚೀಲ. ಎಂಟು ವರ್ಷದ ಮೇಲೆ ಜೋಡಿ ಕೂಡಿತ್ತು.

ಇನ್ನು ಮೂರು ಮೆಟ್ಟಿಲಿತ್ತು. ಉಸಿರು ಬಿಗಿಹಿಡಿಯಲು ಸಮಯವಿತ್ತು, ಬುದ್ಧಿ ಇರಲಿಲ್ಲ. ಬೆರಳುಗಳು ಎಂಟು ವರ್ಷದ ರೂಢಿಯಂತೆ ಎಲ್ಲ ತೂತುಗಳನ್ನೂ ಮುಚ್ಚಿದವು, ಎದೆ ರೂಢಿಯಂತೆ ಗಾಳಿ ತಳ್ಳಿತು, ಮತ್ತು ಆ ಸ್ವರ ಬಂತು. ದಪ್ಪಗೆ, ತುಂಬಿಕೊಂಡು, ಬಂದರಿನಿಂದ ಹಡಗು ಹೊರಟ ಹಾಗೆ. ಡ್ರಮ್ಮಿನ ಅಡಿಯ ತಂತಿ ಝರ್ರೆಂದಿತು. ಪಿಯಾನೋದ ಮೇಲಿದ್ದ ಚಹಾ ಲೋಟ ನಡುಗಿತು. ಕಾರ್ಡಿಗೆಂದು ಇಳಿದಿದ್ದ ಮೇಷ್ಟ್ರ ಕೈ ಕೀಲಿಗಳಿಗೆ ತಾಗದೆ ಅಲ್ಲೇ ಉಳಿಯಿತು.

ಗಾಜಿನಾಚೆ ಭಾವ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸದ್ದು ಕೇಳಿಸಲಿಲ್ಲ.

"ಏನಯ್ಯ ಅದು?" ಅಂದರು ಮೇಷ್ಟ್ರು.

"ಸ್ವರ, ಮೇಷ್ಟ್ರೇ."

"ಅದು ಗೊತ್ತಾಯ್ತು. ಅದು ಎಲ್ಲರದ್ದೂ ಸ್ವರ. ನಿನ್ನದು ಎಲ್ಲಿ?"

ಪೀಪಿ ಒಂದು ನಿಮಿಷ ಅಂತ ಹೇಳಿ ಗಾಜಿನ ಕೋಣೆಗೆ ಓಡಿದ. "ಭಾವ, ಕಾಲುಚೀಲ ಬಿಚ್ಚಿ."

"ಯಾಕೋ? ವಾಸನೆ ಬರ್ತಿದ್ಯಾ?"

"ನಿನ್ನೆ ಒಗ್ದಿದ್ದೀನಿ ಕಣೋ!" ಅಂದಳು ಅಕ್ಕ, ಮಾನಕ್ಕೆ ಪೆಟ್ಟು ಬಿದ್ದವಳಂತೆ. "ರೆಕಾರ್ಡು ಮಾಡೋಕೆ ಹೋಗ್ತಿದ್ದಾನೆ, ಪೆಟ್ಟಿಗೆನಾದ್ರೂ ಒರೆಸೋಣ ಅಂತ ತೆಗೆದ್ರೆ ಇದು ವಾದ್ಯದ ಬಾಯೊಳಗಿತ್ತು, ಥೂ, ಇಲಿ ಸತ್ತಿದೆಯೇನೋ ಅಂದ್ಕೊಂಡೆ. ಕುದಿಯೋ ನೀರಲ್ಲಿ ಹಾಕಿ ಒಗ್ದೆ. ಇನ್ನೊಂದನ್ನೂ ಹೊಲಿದೆ."

"ಬೇಗ ಬಿಚ್ಚಿ ಭಾವ. ತೂತಾಗದೇ ಇದ್ದದ್ದು."

"ಯಾವುದು ಅಂತ ಹೇಗೆ ಗೊತ್ತಾಗ್ಬೇಕೋ, ನಿಮ್ಮಕ್ಕ ಅಷ್ಟು ಚೆನ್ನಾಗಿ ಹೊಲಿದಿದ್ದಾಳೆ," ಅಂತ ಭಾವ ಹೆಮ್ಮೆಯಿಂದ ಎರಡು ಹಿಮ್ಮಡಿಯನ್ನೂ ಎತ್ತಿ ತೋರಿಸಿದರು.

ಪೀಪಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ವಾಪಸ್ ಬಂದ. ಎಲ್ಲರಿಗೂ ಬೆನ್ನು ಹಾಕಿ ನಿಲ್ಲಲು ಆ ಕೋಣೆಯಲ್ಲಿ ಜಾಗವಿರಲಿಲ್ಲ; ಹಾಗಾಗಿ ಎಲ್ಲರೂ ನೋಡುತ್ತಿದ್ದಂತೆಯೇ ತುರುಕಿದ. ಕುದಿನೀರಿಗೆ ಬಿದ್ದ ಉಣ್ಣೆ ಮುದುಡಿ, ಉಂಡೆ ಮಾಡಿದರೆ ಮೊಟ್ಟೆಯಷ್ಟೇ ಆಗುತ್ತಿತ್ತು. ಬಾಯಲ್ಲಿ ನಿಲ್ಲದೆ ಜಾರಿ ಬುಡದ ಬಾಗಿನವರೆಗೂ ಇಳಿದುಹೋಯಿತು. ಊದಿದರೆ ಈಗ ತಳದ ಸ್ವರವಷ್ಟೇ ಅಲ್ಲ, ಅದರ ಮೇಲಿನ ನಾಲ್ಕೈದೂ ಕೆಮ್ಮತೊಡಗಿದವು. ಡ್ರಮ್ಮರು ಕೋಟು ನೇತುಹಾಕುವ ತಂತಿಯನ್ನು ನೆಟ್ಟಗೆ ಮಾಡಿ ತಂದ. ಇಬ್ಬರೂ ವಾದ್ಯವನ್ನು ತಲೆಕೆಳಗು ಮಾಡಿ ಹಿಡಿದು ಕೆದಕಿದರು.

"ಇನ್ನೊಂದು ಕಾಲಿನದೂ ಕೊಡಿ ಭಾವ," ಅಂತ ಡ್ರಮ್ಮರು ಗಾಜಿನ ಕಡೆ ಕೂಗಿದ. "ಮೇಲಿನ ಸ್ವರಗಳನ್ನೂ ತ್ಯಾಗ ಮಾಡ್ತಾನಂತೆ!"

ಅವನು ನಕ್ಕ. ಗಾಜಿನಾಚೆಯ ಹೆಂಗಸು ನಕ್ಕಳು. ಪೀಪಿಯೂ, ಬೇರೆ ದಾರಿ ಕಾಣದೆ, ನಕ್ಕ. ಮೇಷ್ಟ್ರು ಮಾತ್ರ ತಂತಿಯ ತುದಿಗೆ ಸಿಕ್ಕಿಕೊಂಡು ಬಂದ ಕಪ್ಪು ಉಂಡೆಯನ್ನು ನೋಡುತ್ತಿದ್ದರು.

"ಮೊದಲನೇ ದಿನಾನೂ ಇದೇನಾ?"

"ಹೌದು ಮೇಷ್ಟ್ರೇ."

"ಎಂಟು ವರ್ಷ ನಾನು ನಿನ್ನ ಭಾವನ ಕಾಲುಚೀಲಕ್ಕೆ ಪಕ್ಕವಾದ್ಯ ನುಡಿಸಿದೆನೇನಯ್ಯ?"

ಕಿಟಕಿಯಾಚೆ ನೋಡಿಕೊಂಡು ಹೇಳಬಹುದಾದ ಮಾತುಗಳು ಪೀಪಿಯ ಹತ್ತಿರ ಬೇಕಾದಷ್ಟಿದ್ದವು. ನೆಲಮಾಳಿಗೆಗೆ ಕಿಟಕಿ ಇರಲಿಲ್ಲ.

ಮೇಷ್ಟ್ರು ಪಿಯಾನೋದ ಮುಚ್ಚಳ ಹಾಕಿದರು. "ಇವತ್ತಿಗೆ ಸಾಕು," ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಅಕ್ಕ ಕೇಳಿದಳು: "ನೀನು ಯಾಕೋ ಅದನ್ನ ಇನ್ನೂ ಇಟ್ಕೊಂಡಿದ್ದೆ? ನಿಮ್ಮ ಭಾವ ಮಲಗೋದೇ ಕಿವಿಗೆ ಹತ್ತಿ ತುಂಬ್ಕೊಂಡು. ನೀನು ಬಂದ ದಿನದಿಂದ."

"ಮತ್ತೆ ನಂಗ್ಯಾಕೆ ತುರುಕೋಕೆ ಹೇಳಿದ್ದು?"

"ನಂಗೆ ಯಾರು ಹತ್ತಿ ಕೊಟ್ರು?" ಅಂದಳು ಅಕ್ಕ.

ಮೇಷ್ಟ್ರು ಅವನನ್ನು ತಂಡದಿಂದ ತೆಗೆಯಲಿಲ್ಲ. ಅಷ್ಟು ಕಟುಕರಲ್ಲ ಅವರು. ಮುಂದಿನ ಶುಕ್ರವಾರ ಪೀಪಿ ಅಕ್ಕನಿಂದ ಬೇರೆ ಕಾಲುಚೀಲ ಇಸಿದುಕೊಂಡು ಹೋದ. ಕೊನೆಯ ಮೆಟ್ಟಿಲಿಗೆ ಬಂದ. ಹಾ ಅಂತ ಉಸಿರು ಬಂತು, ಮೊದಲಿನಷ್ಟೇ ಚೆನ್ನಾಗಿ. ಆದರೆ ಅಷ್ಟರಲ್ಲಿ ಡ್ರಮ್ಮರ ಬಾಯಿಂದ ಸುದ್ದಿ ಊರೆಲ್ಲ ಸುತ್ತಿತ್ತು. ಹಿಂದಿನ ಮೇಜಿನಿಂದ ಯಾರೋ ಬೂಟು ಬಿಚ್ಚಿ ಎತ್ತಿ ಹಿಡಿದರು. ಕ್ಲಬ್ಬು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಕಾರ್ಡು ಆ ನಗುವಿನ ಕೆಳಗೆ ಎಲ್ಲೋ ಹೋಯಿತು. ಅದರ ಮುಂದಿನ ಶುಕ್ರವಾರವೂ ಹಾಗೇ ಆಯಿತು. ಮೂರನೆಯ ಶುಕ್ರವಾರ ನಕ್ಕವರು ಸ್ವತಃ ಮೇಷ್ಟ್ರು. ಕೀಲಿಗಳ ಮೇಲೆ ಕೈಯಿಟ್ಟುಕೊಂಡು, ಭುಜ ಕುಲುಕಿಸುತ್ತ, ತಡೆಯಲಾರದೆ.

"ಬೇಜಾರು ಮಾಡ್ಕೋಬೇಡ ಕಣಯ್ಯ," ಅಂದರು ಆಮೇಲೆ, ಕಣ್ಣು ಒರೆಸಿಕೊಳ್ಳುತ್ತ. "ಅಲ್ಲಿಗೆ ಬಂದ ತಕ್ಷಣ ನಿನ್ನ ಭಾವನ ಹಿಮ್ಮಡಿ ಕಾಣತ್ತೆ ನಂಗೆ. ಆ ಹಾಡು ನಂಗೆ ನಗು ಇಲ್ದೆ ಬೇಕು. ನಂಗೆ ಹೆಚ್ಚು ದಿನ ಇಲ್ಲ."

ಪೀಪಿ ವಾದ್ಯವನ್ನು ಪೆಟ್ಟಿಗೆಗೆ ಹಾಕಿ, ತನ್ನ ಕೊಡೆಯನ್ನೂ ಕುಡಿಯುವ ಲೋಟವನ್ನೂ ತೆಗೆದುಕೊಂಡು ಮನೆಗೆ ಬಂದ.

ಕೆಲವು ತಿಂಗಳಾದ ಮೇಲೆ ಮೇಷ್ಟ್ರ ರೆಕಾರ್ಡು ಬಂತು. ಲಕೋಟೆಯ ಮೇಲೆ ಅವರ ಹೆಸರಿನ ಪಕ್ಕದಲ್ಲಿ ಒಬ್ಬ ಹುಡುಗಿಯ ಹೆಸರು. ಒಂದು ಭಾನುವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ಅವಳು ಊದುತ್ತಾಳೆ ಅಂತ ತಿಳಿದು ಪೀಪಿ ಹೋಗಿ ಕಂಬದ ಮರೆಯಲ್ಲಿ ಕೂತ. ಕೆಟ್ಟದಾಗಿ ಊದಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡ. ಅವಳು ಚೆನ್ನಾಗಿ ಊದಿದಳು. ಮೆಟ್ಟಿಲು ಮೆಟ್ಟಿಲಾಗಿ ಇಳಿದಳು, ಕೊನೆಯದಕ್ಕೆ ಬಂದಳು, ವಾದ್ಯವನ್ನು ತುಟಿಯಿಂದ ತೆಗೆದು ಸುಮ್ಮನೆ ನಿಂತಳು. ಊದಲೇ ಇಲ್ಲ. ಮೇಜುಗಳಲ್ಲಿ ಯಾರೂ ಉಸಿರಾಡಲಿಲ್ಲ. ಮೇಷ್ಟ್ರು ಊದಿಕೊಂಡ ಬೆರಳುಗಳಿಂದ ಅದೇ ಕಾರ್ಡನ್ನು ಅದೇ ಜಾಗದಲ್ಲಿ ಮೆಲ್ಲಗೆ ಇಟ್ಟರು.

ಪೀಪಿ ಕಂಬಕ್ಕೆ ಹಣೆ ಒರಗಿಸಿದ. ಒಂದು ಸ್ವರ ಬೇಡ ಅಂದರೆ ಊದದೇ ಇದ್ದರಾಯಿತು. ಎಂಟು ವರ್ಷದಲ್ಲಿ ಇದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಈಗ ಭಾವನಿಗೆ ರಿಟೈರ್ ಆಗಿದೆ. ಬೆಳಿಗ್ಗೆ ಎಚ್ಚರವಾಗಿಯೇ ಇರುತ್ತಾರೆ. ಬೀರುವಿನ ಬಾಗಿಲು ಮುಚ್ಚಿದೆ; ಪೀಪಿ ನಡುಮನೆಯಲ್ಲಿ ನಿಂತು ಊದುತ್ತಾನೆ, ಮತ್ತೆ ಯಾರ್ಯಾರದೋ ಹಾಗೆ. ಭಾವ ಪೇಪರಿನಿಂದ ತಲೆ ಎತ್ತಿ, "ಆ ದಪ್ಪದ್ದು ಊದೋ, ಕೆಳಗಿನದ್ದು. ನಮ್ಮ ಡಿಪೋ ಹಾರನ್ ಥರ ಇದೆ," ಅನ್ನುತ್ತಾರೆ. ಪೀಪಿ ಎಲ್ಲ ತೂತುಗಳನ್ನೂ ಮುಚ್ಚಿ ಊದುತ್ತಾನೆ. ಕಿಟಕಿಯ ಗಾಜು ನಡುಗುತ್ತದೆ, ಕೆಳಗಿನ ಮನೆಯವರು ಸೂರಿಗೆ ಕೋಲಿನಿಂದ ಕುಟ್ಟುತ್ತಾರೆ, ಅಡುಗೆಮನೆಯಿಂದ ಅಕ್ಕ ಹತ್ತಿಯ ಡಬ್ಬಿ ಎಲ್ಲಿ ಅಂತ ಕೂಗುತ್ತಾಳೆ.

ಹೋದದ್ದು ಇಷ್ಟು: ಎಂಟು ವರ್ಷ, ಒಂದು ರೆಕಾರ್ಡು, ಶುಕ್ರವಾರಗಳು, ಮೇಷ್ಟ್ರು, ಮತ್ತು ಜೋಡಿಯಲ್ಲಿ ಒಂದು ಕಾಲುಚೀಲ.